ಇಂಜೆಕ್ಟರ್ ಪೈಪಿಗೆ ಅಮಾವಾಸ್ಯೆ ಪೂಜೆ

"ಇವತ್ತಿಂದ ನನ್ನ ಕಾರಿಗೆ ಇನ್ನೊಬ್ಬನ ಸ್ಪ್ಯಾನರ್ ಮುಟ್ಟಿದ್ರೆ, ನಾನು ಮೂವತ್ತೆರಡು ವರ್ಷ ಫಿಸಿಕ್ಸ್ ಪಾಠ ಮಾಡಿದ್ದೇ ಸುಳ್ಳು!"

ಸರಸ್ವತಿ ನಗರದ ತಮ್ಮ ಮನೆಯ ಗೇಟಿನ ಮುಂದೆ ನಿಂತು ನಿವೃತ್ತ ಉಪನ್ಯಾಸಕ ಜಂಬಯ್ಯನವರು ಹೀಗೆ ಘೋಷಿಸಿದಾಗ ಕೇಳಲು ಅಲ್ಲಿದ್ದದ್ದು ಹೆಂಡತಿ ನೇತ್ರಾವತಿ ಮತ್ತು ಇಪ್ಪತ್ತೆಂಟು ವರ್ಷ ಪ್ರಾಯದ ಡೀಸೆಲ್ ಕಾರು, ಇಷ್ಟೇ. ನೇತ್ರಾವತಿ ಸೊಪ್ಪು ಸೋಸುತ್ತಿದ್ದರು. ಕಾರು ಡೀಸೆಲ್ ಸೋರಿಸುತ್ತಿತ್ತು.

ಈ ಭೀಷ್ಮ ಪ್ರತಿಜ್ಞೆಗೆ ಕಾರಣ ಪಕ್ಕದೂರು ಹರಿಹರದ ಮೆಕ್ಯಾನಿಕ್ ಖುದ್ದೂಸ್. ಇಂಜಿನ್ನಿಗೆ ಡೀಸೆಲ್ ಒಯ್ಯುವ ನಾಲ್ಕು ಸಣ್ಣ ಪೈಪುಗಳ ಬುಡದಲ್ಲಿ ಎಣ್ಣೆ ಜಿನುಗುವುದನ್ನು ನೋಡಿ ಅವನು, "ಎರಡು ದಿನ ಬಿಟ್ಟು ಹೋಗ್ರಿ ಸರ್. ಪೈಪ್ ಬಿಚ್ಚಿದ ಮ್ಯಾಲೆ ಬಾಯಿ ಮುಚ್ಚಬೇಕು. ಒಂದು ಕಣ ಧೂಳೂ ಒಳಗೆ ಹೋಗಬಾರ್ದು" ಎಂದಿದ್ದ. ಜಂಬಯ್ಯನವರ ತಲೆಗೆ ಹೋದದ್ದು 'ಬಾಯಿ ಮುಚ್ಚಬೇಕು' ಎಂಬುದೊಂದೇ! ಏಳನೇ ಕ್ಲಾಸು ಓದಿದವನು ತಮಗೆ ಬುದ್ಧಿ ಹೇಳುವುದೇ? ಕಾರು ತಿರುಗಿಸಿಕೊಂಡು ಬಂದುಬಿಟ್ಟಿದ್ದರು.

"ಗುರುವಾರ ಮದುವಿ ಐತ್ರಿ, ನೆನಪೈತೇನು?" ಎಂದರು ನೇತ್ರಾವತಿ.

ನೆನಪಿಲ್ಲದೆ ಏನು! ನೇತ್ರಾವತಿಯವರ ತಮ್ಮ ಬಕ್ಕೇಶಪ್ಪನ ಮಗ ಅರುಣ್ ಕುಮಾರನ ಮದುವೆ, ಹರಿಹರದಲ್ಲಿ. "ಮದುಮಗ ನನ್ನ ಕಾರಿನಲ್ಲೇ ಬರಬೇಕು" ಎಂದು ಹಠ ಹಿಡಿದು, ಗೊತ್ತು ಮಾಡಿದ್ದ ಬಿಳಿ ಬಾಡಿಗೆ ಕಾರನ್ನು ಬಿಡಿಸಿದವರೇ ಜಂಬಯ್ಯನವರು. ಹೆಂಡತಿಯ ತವರಿನವರ ಮುಂದೆ ಅವರ ಮಾನ ಉಳಿಯುವುದೂ ಹೋಗುವುದೂ ಈಗ ಆ ನಾಲ್ಕು ಪೈಪುಗಳ ಕೈಯಲ್ಲಿತ್ತು.

ಸೋಮವಾರ ಅಮಾವಾಸ್ಯೆ. ಮೊಬೈಲಿನಲ್ಲಿ ಮೂರು ವಿಡಿಯೋ ನೋಡಿ, ಎರಡು ಬೆರಳು ಜಜ್ಜಿಕೊಂಡು, ಜಂಬಯ್ಯನವರು ನಾಲ್ಕೂ ಪೈಪುಗಳನ್ನು ಬಿಚ್ಚಿಯೇಬಿಟ್ಟರು! ಅಮಾವಾಸ್ಯೆಗೆ ಗಾಡಿ ತೊಳೆದು ನಿಂಬೆಹಣ್ಣು ಕೊಯ್ದಿಡುವುದು ಊರೇ ಮಾಡುವ ಪೂಜೆ. ಆದರೆ ಅದೆಲ್ಲ ಹೊರಮೈಗೆ. ಇವರಿಗೆ ಕಾರಿನ ಕರುಳೇ ಕೈಗೆ ಸಿಕ್ಕಿದೆ, ಬಿಡುತ್ತಾರೆಯೇ? ಪೈಪುಗಳನ್ನು ಮಣೆಯ ಮೇಲೆ ಸಾಲಾಗಿ ಮಲಗಿಸಿ, ಊದುಬತ್ತಿ ಬೆಳಗಿ, ಎಂಟೂ ಬಾಯಿಗಳಿಗೆ ಮೂರು ಬೆರಳಿನಿಂದ ವಿಭೂತಿ ಬಳಿದರು.

"ಅಯ್ಯೋ, ಬಾಯಿಗೂ ಬಳಿತೀರಲ್ರಿ! ಒಳಗೆ ಹೋಗಲ್ಲೇನು?"

"ಹೋಗ್ಲಿ ಬಿಡೆ. ಒಳಗೂ ಶುದ್ಧ ಆಗ್ಲಿ."

"ಇದೂ ನಿಮ್ಮ ಫಿಸಿಕ್ಸ್ ಪುಸ್ತಕದಾಗೆ ಐತೇನು?"

"ಸಿಲಬಸ್ ಬ್ಯಾರೆ, ಶ್ರದ್ಧೆ ಬ್ಯಾರೆ!"

ಪೈಪು ಜೋಡಿಸಿ ಕೀಲಿ ತಿರುಗಿಸಿದರು. ಹತ್ತು ಸಲ ಕೆಮ್ಮಿ ಕಾರು ಶುರುವಾಯಿತು. ಸೋರುವುದೂ ನಿಂತಿತ್ತು! ಜಂಬಯ್ಯನವರು ಎದುರುಮನೆಯವರನ್ನೂ ಹಿಂದಿನ ಬೀದಿಯವರನ್ನೂ ಕರೆದು ತೋರಿಸಿದರು. ಎರಡು ದಿನ ಅವರ ಕಾಲು ನೆಲದ ಮೇಲಿರಲಿಲ್ಲ.

ಗುರುವಾರ ಮುಂದಿನ ಸೀಟಿನಲ್ಲಿ ಪೇಟ, ರೇಷ್ಮೆ ಶಲ್ಯದ ಮದುಮಗ. ಹಿಂದೆ ಬಕ್ಕೇಶಪ್ಪ, ನೇತ್ರಾವತಿ. ಮುಹೂರ್ತ ಹತ್ತು ನಲವತ್ತಕ್ಕೆ. ಹರಿಹರ ಇನ್ನು ಐದು ಕಿಲೋಮೀಟರ್ ಇದೆ ಎನ್ನುವಾಗ ಕಾರು ಬಿಕ್ಕಳಿಸಿತು. ಮದುವೆ ಅಡುಗೆಯ ಒಲೆಗಿಂತ ಹೆಚ್ಚು ಹೊಗೆ ಬಿಟ್ಟಿತು. ನಿಂತಿತು.

"ಭಾವ, ಏನಾತು?" ಬಕ್ಕೇಶಪ್ಪನ ದನಿಯಲ್ಲಿ ಬಿಡಿಸಿದ ಬಾಡಿಗೆ ಕಾರಿನ ನೆನಪು ಎದ್ದು ಕಾಣುತ್ತಿತ್ತು.

"ಏನಿಲ್ಲ, ಲೈನಿನಾಗೆ ಗಾಳಿ ಹೊಕ್ಕೈತೆ. ನಟ್ ಸಡಿಲ ಮಾಡ್ತೀನಿ, ನೀನು ಕೀಲಿ ತಿರುಗಿಸು."

ಬಾನೆಟ್ಟಿನೊಳಗೆ ಬಗ್ಗಿದ ಜಂಬಯ್ಯನವರ ಪಕ್ಕದಲ್ಲಿ ಮದುಮಗನೂ ಆತಂಕದಿಂದ ಇಣುಕಿದ. ಬಕ್ಕೇಶಪ್ಪ ಕೀಲಿ ತಿರುಗಿಸಿದ. ಚರ್ರ್! ಒತ್ತಡದ ಪಾಠ ಡೀಸೆಲ್ ರೂಪದಲ್ಲಿ ಹಾರಿ ರೇಷ್ಮೆ ಶಲ್ಯಕ್ಕೆ ಅಭಿಷೇಕವಾಯಿತು.

"ಮಾವ, ನಿನ್ನೆ ಅರಿಶಿನ ಹಚ್ಚಿದ್ದು ಸಾಲಲಿಲ್ಲೇನು?" ಎಂದ ಮದುಮಗ. ಅಳುವುದೊಂದು ಬಾಕಿ.

ನೇತ್ರಾವತಿ ಗಂಡನನ್ನು ಕೇಳುವ ಗೋಜಿಗೇ ಹೋಗದೆ ಖುದ್ದೂಸ್‌ಗೆ ಫೋನ್ ಮಾಡಿದರು. ಕಾಲು ಗಂಟೆಯಲ್ಲಿ ಅವನು ತನ್ನ ಮೊಪೆಡ್ಡಿನಲ್ಲಿ ಹಾಜರಾದ. ಒಂದು ಪೈಪು ಬಿಚ್ಚಿ ಅಂಗೈಗೆ ಕುಟ್ಟಿದ. ಡೀಸೆಲ್ಲಿನಲ್ಲಿ ನೆಂದ ಬೂದಿಬಣ್ಣದ ಮುದ್ದೆ ಬಿತ್ತು. ಮೂಸಿ ನೋಡಿದ. ಜಂಬಯ್ಯನವರ ಹಣೆಯನ್ನೂ ನೋಡಿದ.

"ಸರ್, ಇದು ವಿಭೂತಿ ಅಲ್ಲೇನ್ರಿ?"

ಜಂಬಯ್ಯನವರು ದೂರದ ಭತ್ತದ ಗದ್ದೆಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

"ಹೊರಗೆ ಹಚ್ಚಿದ್ರೆ ದೇವ್ರು ನೋಡ್ಕಂತಾನೆ ಸರ್" ಎಂದ ಖುದ್ದೂಸ್ ಬಹಳ ವಿನಯದಿಂದ. "ಒಳಗೆ ಹೋದ್ರೆ ನಾನೇ ನೋಡ್ಬೇಕು. ಎರಡು ದಿನ ಬಿಟ್ಟು ಹೋಗ್ರಿ."

ಮುಹೂರ್ತಕ್ಕೆ ಉಳಿದದ್ದು ಇಪ್ಪತ್ತು ನಿಮಿಷ. ಮದುಮಗ ಪಂಚೆ ಎತ್ತಿಕಟ್ಟಿ, ಪೇಟ ಹಿಡಿದುಕೊಂಡು ಖುದ್ದೂಸನ ಮೊಪೆಡ್ ಹತ್ತಿದ. ಅಕ್ಕ ತಮ್ಮ ಸಿಕ್ಕ ಆಟೋ ಹಿಡಿದರು. "ಭಾವ, ನೀವು ಕಾರಿನಾಗೇ ಬರ್ರಿ" ಎಂದು ಬಕ್ಕೇಶಪ್ಪ ಹೇಳಿದ ಮಾತು ಬೈಗುಳಕ್ಕಿಂತ ಜೋರಾಗಿ ನಾಟಿತು.

ಹುಲ್ಲು ತುಂಬಿದ ಟ್ರ್ಯಾಕ್ಟರಿನ ಹಿಂದೆ ಹಗ್ಗ ಕಟ್ಟಿಸಿಕೊಂಡು ಜಂಬಯ್ಯನವರು ಕಲ್ಯಾಣ ಮಂಟಪ ಮುಟ್ಟುವಷ್ಟರಲ್ಲಿ ತಾಳಿ ಕಟ್ಟಿ ಆಗಿತ್ತು. ವೇದಿಕೆಯ ಮೇಲೆ, ಮದುಮಗನನ್ನು ಹೊತ್ತಿಗೆ ಮುಟ್ಟಿಸಿದ ಪುಣ್ಯಾತ್ಮನೆಂದು ಹೆಣ್ಣಿನ ಕಡೆಯವರು ಖುದ್ದೂಸ್‌ಗೆ ಶಾಲು ಹೊದಿಸಿ ಫೋಟೋ ತೆಗೆಸುತ್ತಿದ್ದರು. ಜಂಬಯ್ಯನವರಿಗೆ ಹೊಟ್ಟೆ ಉರಿಯಿತು, ಹಸಿವೂ ಆಗಿತ್ತು. ಮೊಣಕೈವರೆಗೆ ಮಸಿ ಹಚ್ಚಿಕೊಂಡು, ಡೀಸೆಲ್ ನಾರುತ್ತಾ ಅವರು ಊಟದ ಹಾಲಿನ ಮೊದಲ ಸಾಲಿಗೆ ನುಗ್ಗಿದರು. ಹೆಣ್ಣಿನ ಕಡೆಯ ಹಿರಿಯರೊಬ್ಬರು ಅಡ್ಡ ಬಂದರು.

"ಈ ಸಾಲು ಬೀಗರಿಗೆ ಕಣಪ್ಪ. ಡ್ರೈವರು, ಮೆಕ್ಯಾನಿಕ್ಕುಗಳ ಪಂಕ್ತಿ ಹಿಂದೈತೆ, ಅಲ್ಲಿ ಕೂಡು."

ಜಂಬಯ್ಯನವರು ಬಾಯಿ ತೆರೆದರು. ಅಷ್ಟರಲ್ಲಿ ಎದುರಿಗೆ ನೇತ್ರಾವತಿ ಬರುವುದು ಕಂಡಿತು. ಸದ್ಯ, ಬದುಕಿದೆ! ಇನ್ನು ಇವಳೇ ಹೇಳುತ್ತಾಳೆ ನಾನು ಯಾರೆಂದು! ನೇತ್ರಾವತಿ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಹಿರಿಯರ ಕಡೆ ತಿರುಗಿದರು.

"ಅವರಿಗೆ ಇನ್ನೊಂದು ಹೋಳಿಗೆ ಜಾಸ್ತಿ ಹಾಕ್ಸಿ ಅಣ್ಣಾರೆ. ಪಾಪ, ಕೆಲಸ ಈಗಿನ್ನೂ ಕಲೀತಾ ಅದಾರೆ."