ಹಾಲೇಶನ ನಾನೂರು ವ್ಯಾಟ್

"ಕಳಸದಿಂದ ಮೂಡಿಗೆರೆವರೆಗೆ ಇಂಥ ಸೌಂಡ್ ಇನ್ಯಾರ ಕಾರಲ್ಲೂ ಇರಬಾರ್ದು, ನೋಡ್ತಾ ಇರು" ಎಂದು ಹಾಲೇಶ್ ಹೆಂಡತಿಯೆದುರು ಘೋರ ಪ್ರತಿಜ್ಞೆ ಮಾಡಿದ್ದು ಎರಡು ಸಾವಿರದ ಮೂರರಲ್ಲಿ, ಕಾಫಿಗೆ ಹೂಮಳೆ ಬಿದ್ದ ಮರುದಿನ. ಬೆಂಗಳೂರಿನಿಂದ ಸೆಕೆಂಡ್‌ಹ್ಯಾಂಡ್‌ನಲ್ಲಿ ತಂದ, ಎರಡೇ ಸೀಟಿನ ಕೆಂಪು ಸ್ಪೋರ್ಟ್ಸ್ ಕಾರು ಅವನದು. ಎಸ್ಟೇಟ್ ರಸ್ತೆಯಲ್ಲಿ ಅದರ ಹೊಟ್ಟೆಗೆ ತಾಗದ ಕಲ್ಲೇ ಉಳಿದಿರಲಿಲ್ಲ. ಆದರೂ ಅದನ್ನು ಹತ್ತಿದನೆಂದರೆ ಅಂಬಾರಿ ಹತ್ತಿದ ಗತ್ತು.

"ಇರೋ ಟೇಪೇ ಚೆನ್ನಾಗಿದೆಯಲ್ರೀ" ಎಂದಳು ವಿಮಲಾ.

"ಅದು ಟೇಪಲ್ಲ ಮಾರಾಯ್ತಿ, ಕೆಮ್ಮೋ ಮುದುಕ."

ಮುದುಕನನ್ನು ಚಿಕ್ಕಮಗಳೂರಿನ ಅಂಗಡಿಯೊಂದಕ್ಕೆ ಎಕ್ಸ್‌ಚೇಂಜಿಗೆ ಕೊಟ್ಟು, ಹಾಲೇಶ್ ನಾನೂರು ವ್ಯಾಟಿನ ಆಂಪ್ಲಿಫೈಯರ್, ನಾಲ್ಕು ಸ್ಪೀಕರ್, ಸಿ.ಡಿ. ಪ್ಲೇಯರ್ ಮತ್ತು ಡಿಕ್ಕಿ ತುಂಬುವಷ್ಟು ದೊಡ್ಡ ವೂಫರ್ ಪೆಟ್ಟಿಗೆ ಹಾಕಿಸಿಕೊಂಡು ಬಂದ. ಅಂಗಳದಲ್ಲಿ ವಾಲ್ಯೂಮ್ ಏರಿಸಿದ್ದೇ ತಡ, ಕಣದಲ್ಲಿ ಒಣಗುತ್ತಿದ್ದ ಕಾಳುಮೆಣಸು ಕುಣಿಯಿತು, ಕಾರಿನ ನಂಬರ್ ಪ್ಲೇಟು ತಾಳ ಹಾಕಿತು. ಕೊಟ್ಟಿಗೆಯ ಹಸು ಮಾತ್ರ ಆ ಸಂಜೆ ಹಾಲು ಕೊಡಲಿಲ್ಲ.

ವಾರ ಕಳೆದು, ತವರಿಗೆ ಹೊರಟ ವಿಮಲಾ ಮೊದಲ ಸಲ ಆ ವೈಭವದೊಳಗೆ ಕೂತಳು. ಕೂತವಳೇ ಕೇಳಿದಳು: "ಟೇಪಿನೊಳಗೆ ಕ್ಯಾಸೆಟ್ ಇತ್ತಲ್ಲ, ಎಲ್ಲಿ?"

"ಯಾವ ಕ್ಯಾಸೆಟ್?"

"ನನ್ನ ಬಾಣಂತನದ್ದು."

ಹಾಲೇಶ್ ಸ್ಟಾರ್ಟ್ ಮಾಡಿದ್ದ ಕಾರನ್ನು ಆಫ್ ಮಾಡಿದ. ಹನ್ನೆರಡು ವರ್ಷದ ಹಿಂದೆ ವಿಮಲಾ ಬಾಣಂತನಕ್ಕೆಂದು ಗೋಣಿಬೀಡಿನ ತವರಿನಲ್ಲಿದ್ದಾಗ ಮಳೆಗೆ ಫೋನ್ ಸತ್ತಿತ್ತು. ಕಾಗದ ಬರೆಯೋಣವೆಂದರೆ ಇವನ ಅಕ್ಷರ ಇವನಿಗೇ ಓದಲು ಬಾರದು. ಕೊನೆಗೆ ಬಾಗಿಲು ಹಾಕಿಕೊಂಡು, ಟೇಪ್‌ರೆಕಾರ್ಡರಿನ ಮುಂದೆ ಅರ್ಧ ಗಂಟೆ ಮಾತಾಡಿ, ಕ್ಯಾಸೆಟ್ಟನ್ನು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಕೈಲಿ ಕಳಿಸಿದ್ದ. ಹಸು ಕರು ಹಾಕಿದ್ದು, ರೊಟ್ಟಿ ಸೀದದ್ದು, ಆಮೇಲೆ ತಾನು ಗಳಗಳ ಅತ್ತದ್ದು, ಎಲ್ಲ ಅದರಲ್ಲಿತ್ತು. ಮನೆಯ ಟೇಪ್ ಕೆಟ್ಟ ಮೇಲೆ ಅವಳು ಒಬ್ಬಳೇ ಕಾರಿನಲ್ಲಿ ಕೂತು ಅದನ್ನು ಕೇಳುತ್ತಿದ್ದಳೆಂಬುದು ಅವನಿಗೆ ಈಗಷ್ಟೇ ತಿಳಿಯಿತು. ನಾಚಿಕೆಯಾಯಿತು.

"ಅದು ಸಿಗೋವರೆಗೆ ತವರೂ ಬೇಡ, ಏನೂ ಬೇಡ" ಎಂದಳು ವಿಮಲಾ.

ಅಂಗಡಿಗೆ ಫೋನ್ ಮಾಡಿದರೆ, ಆ ಟೇಪು ಕಳಸ–ಹೊರನಾಡು ಓಡಿಸುವ ಸುಬ್ಬಣ್ಣನ ಜೀಪಿಗೆ ಹೋಗಿ ವಾರವಾಯಿತು ಎಂದರು. ಗಂಡ ಹೆಂಡತಿ ಕಳಸಕ್ಕೆ ಓಡಿದರು. ಜೀಪು ಸ್ಟ್ಯಾಂಡಿನಲ್ಲೇ ಇತ್ತು. ಒಳಗೆ ಹದಿನಾರು ಜನ ಒತ್ತಿಕೊಂಡು ಕೂತು, ಉಸಿರು ಬಿಗಿಹಿಡಿದು ಕೇಳುತ್ತಿದ್ದರು.

"ವಿಮೀ, ನೀನಿಲ್ದೆ ಈ ಮನೇಲಿ ಇರೋಕಾಗ್ತಿಲ್ಲ ಕಣೇ. ರೊಟ್ಟಿ ಕಾವಲಿಗೇ ಅಂಟ್ಕಳ್ತದೆ..."

ಹಾಲೇಶ್ ತಲೆ ತಗ್ಗಿಸಿ, "ಸುಬ್ಬಣ್ಣ, ಆ ಕ್ಯಾಸೆಟ್ ಕೊಡು ಮಾರಾಯ" ಎಂದ.

ಹಿಂದಿನ ಸೀಟಿನ ಅಜ್ಜಿಯೊಬ್ಬರು ಕತ್ತು ಹೊರಹಾಕಿದರು. "ಇದೇ ದನಿ! ರೊಟ್ಟಿ ಸುಡೋದು ಈಗಾದ್ರೂ ಬಂತೇನಪ್ಪ?"

ಸುಬ್ಬಣ್ಣ ಕೈ ಮುಗಿದ. "ಕೊಡ್ತೀನಿ ಸಾರ್. ಇದೊಂದು ಟ್ರಿಪ್ ಬಿಟ್ಬಿಡಿ. ಇವ್ರೆಲ್ಲ ನೀವು ಅಳೋ ಜಾಗಕ್ಕೆ ಕಾಯ್ತಿದಾರೆ."

"ಬೇಡ, ಈಗ್ಲೇ ಕೊಡು. ನಡಿಯೇ, ಕಾರಲ್ಲಿ ಕೇಳುವಿಯಂತೆ."

"ನಿಮ್ಮ ಕಾರಲ್ಲಿ ಕ್ಯಾಸೆಟ್ ಓಡ್ತದಾ?" ಎಂದಳು ವಿಮಲಾ.

ನಾನೂರು ವ್ಯಾಟಿನ ಒಡೆಯ ತನ್ನ ಸಿ.ಡಿ. ಪ್ಲೇಯರಿನ ತೆಳು ಸೀಳನ್ನು ನೆನೆದು ತಲೆ ಕೆರೆದುಕೊಂಡ. ಮುಂದಿನ ಸೀಟಿನವರು ಸರಿದು ಜಾಗ ಮಾಡಿಕೊಟ್ಟರು. ವಿಮಲಾ ಸೆರಗು ಸರಿಪಡಿಸಿಕೊಂಡು ಜೀಪು ಹತ್ತಿದಳು. "ಹೊರನಾಡಿಗೆ ಹೋಗಿ ಬರ್ತೀನಿ. ನೀವು ಹಿಂದೆ ಬನ್ನಿ."

ಹಾಲೇಶ್ ಆಂಪ್ಲಿಫೈಯರ್ ಆರಿಸಿ, ಗಾಜಿಳಿಸಿ, ಜೀಪಿನ ಧೂಳು ಕುಡಿಯುತ್ತ ಹೊರಟ. ಮುಂದುಗಡೆಯಿಂದ ಅವನದೇ ಅಳು ತೇಲಿಬರುತ್ತಿತ್ತು. ವಿಮಲಾ ಕಣ್ಣೊರೆಸಿಕೊಂಡು ನಗುವುದು ತಿರುವಿನಲ್ಲಿ ಕಂಡಿತು. ಹನ್ನೆರಡು ವರ್ಷದ ಹಿಂದಿನ ಆ ಹುಡುಗನ ಮೇಲೆ ಅವನಿಗೆ ಚೂರು ಹೊಟ್ಟೆಕಿಚ್ಚೇ ಆಯಿತು. ತನ್ನ ಹೆಂಡತಿಯನ್ನು ಕೂರಿಸಿಕೊಂಡು ಹೋಗುತ್ತಿದ್ದವನು ಕ್ಯಾಸೆಟ್ಟಿನ ಆ ಹುಡುಗನೇ ತಾನೆ.