ಎರಡು ಡೇಟಾಬೇಸ್‌ಗಳ ಹೋಲಿಕೆಯೂ ನನ್ನ ಕೊನೆಯ ಪುಟವೂ

ಯಾರಾದರೂ ನಿಮ್ಮ ಅಭಿಪ್ರಾಯ ಕೇಳಿದರೆ ಕೂಡಲೇ ಉಬ್ಬಿಹೋಗಬೇಡಿ. ಐವತ್ನಾಲ್ಕನೇ ವಯಸ್ಸಿಗೆ ನನಗೆ ಬಂದ ಬುದ್ಧಿ ಇದು. ಸ್ವಲ್ಪ ಬೇಗ ಬಂದಿದ್ದರೆ ಕಳೆದ ತಿಂಗಳು ಎರಡು ವಾರ ಕತ್ತು ನೋಯಿಸಿಕೊಂಡು ವರದಿ ಬರೆಯುತ್ತಿರಲಿಲ್ಲ.

ಜೆ.ಪಿ. ನಗರದ ನಮ್ಮ ಕಚೇರಿಯ ಕೆಲಸ ಮೊಬೈಲ್ ಟವರ್‌ಗಳ ಸೆಟ್ಟಿಂಗ್‌ಗಳನ್ನು ಜೋಪಾನವಾಗಿಡುವುದು. ಯಾವ ಆಂಟೆನಾ ಎತ್ತ ಮುಖ ಮಾಡಿದೆ, ಬಸ್ಸಿನಲ್ಲಿ ಮಾತಾಡುತ್ತಾ ಹೋಗುವವರ ಕರೆಯನ್ನು ಪಕ್ಕದ ಯಾವ ಟವರ್‌ಗೆ ದಾಟಿಸಬೇಕು, ಇತ್ಯಾದಿ. ಇಂಥ ಕೆಲಸದವನ ಉತ್ತರಹಳ್ಳಿಯ ಮನೆಯಲ್ಲಿ ಬಾಲ್ಕನಿಗೆ ಹೋಗದೆ ಸಿಗ್ನಲ್ ಸಿಗುವುದಿಲ್ಲ, ಅದಿರಲಿ. ಇದೆಲ್ಲ ಹದಿನೆಂಟು ವರ್ಷದಿಂದ ನಾನೇ ಕಟ್ಟಿ ಬೆಳೆಸಿದ ರಿಲೇಷನಲ್ ಡೇಟಾಬೇಸಿನಲ್ಲಿದೆ. ಸಾಲು, ಕಾಲಂಗಳ ಕಟ್ಟುನಿಟ್ಟಿನ ಸಂಸಾರ ಅದು. ಪಟ್ಟಿಯಲ್ಲಿಲ್ಲದ ಟವರನ್ನು ಪಕ್ಕದ ಟವರ್ ಎಂದು ಬರೆಯಹೋದರೆ ಒಪ್ಪುವುದೇ ಇಲ್ಲ. ಈಗ ಹೊಸದಾಗಿ ಬಂದಿರುವ ನಾನ್-ರಿಲೇಷನಲ್ ಡೇಟಾಬೇಸ್ ಹಾಗಲ್ಲ, ಒಂದೊಂದು ಟವರ್‌ಗೂ ಒಂದೊಂದು ಚೀಟಿ, ಅದರಲ್ಲಿ ಏನು ಬೇಕಾದರೂ ಬರೆದುಕೊಳ್ಳಬಹುದು. ನನ್ನ ಮಗಳಿಗಿಂತ ನಾಲ್ಕೇ ವರ್ಷ ದೊಡ್ಡವಳಾದ ಮ್ಯಾನೇಜರ್ ಪ್ರಿಯಾಂಕಾ ಕರೆದು ಹೇಳಿದಳು: "ಸಾರ್, ಎರಡನ್ನೂ ಕಂಪೇರ್ ಮಾಡಿ ಯಾವ್ದು ಒಳ್ಳೇದು ಅಂತ ನೀವೇ ಹೇಳ್ಬೇಕು. ನಿಮ್ಮಷ್ಟು ಗೊತ್ತಿರೋರು ಇಲ್ಲಿ ಯಾರಿದಾರೆ?"

ನಾನು ಉಬ್ಬಿದೆ. ಚೀಟಿಗಳ ಮಾನ ಕಳೆಯಬೇಕೆಂದೇ ಕೂತವನು, ಬರೆಯುತ್ತಾ ಬರೆಯುತ್ತಾ ಪ್ರಾಮಾಣಿಕನಾಗಿಬಿಟ್ಟೆ. ಹೊಸ ಉಪಕರಣಗಳಲ್ಲಿ ಒಂದೊಂದು ಕಂಪನಿಯದೂ ಒಂದೊಂದು ಬಗೆಯ ಸೆಟ್ಟಿಂಗು. ಅವಕ್ಕಾಗಿ ಕಾಲಂ ಸೇರಿಸಿ ಸೇರಿಸಿ ನನಗೂ ಸಾಕಾಗಿತ್ತು. ಅವು ಚೀಟಿಗೇ ಹೋಗಲಿ ಎಂದು ಹೊಟ್ಟೆ ಉರಿದುಕೊಂಡೇ ಬರೆದೆ. ಆದರೆ ಟವರ್‌ಗಳ ನೆರೆಹೊರೆ ಸಂಬಂಧ ಮಾತ್ರ ಹಳೆಯ ಸಾಲು-ಕಾಲಂಗಳ ಟೇಬಲ್ಲಿನಲ್ಲೇ ಇರಬೇಕು, ಇಲ್ಲದ ಟವರ್‌ನ ಹೆಸರು ಬರೆದರೂ ಚೀಟಿ ತುಟಿ ಪಿಟಕ್ಕೆನ್ನುವುದಿಲ್ಲ, ಜನರ ಕರೆ ಅರ್ಧಕ್ಕೆ ಕಡಿದುಹೋಗುತ್ತದೆ ಎಂದು ಕೊನೆಯ ಪುಟದಲ್ಲಿ ಖಡಾಖಂಡಿತವಾಗಿ ಹೇಳಿದೆ.

ವರದಿ ಕೊಡಬೇಕಿದ್ದ ದಿನ ಬೆಳಿಗ್ಗೆ ಲಿಫ್ಟಿನ ಬಳಿ ಬ್ಯಾಗು ಹೊತ್ತ ಅಪರಿಚಿತನೊಬ್ಬ ಕೇಳಿದ: "ಸಾರ್, ಹೊಸ ಡೇಟಾಬೇಸ್ ಟ್ರೈನಿಂಗ್ ಯಾವ ಫ್ಲೋರಲ್ಲಿ? ಪಾಠ ಮಾಡೋಕೆ ಅಂತ ಎರಡು ತಿಂಗಳ ಹಿಂದೇನೇ ನನ್ನನ್ನ ಬುಕ್ ಮಾಡಿದ್ರು." ಹೋಗಿ ಕೇಳಿದರೆ ಪ್ರಿಯಾಂಕಾಳ ಮುಖ ಸ್ವಲ್ಪವೂ ಕೆಂಪಾಗಲಿಲ್ಲ. "ಎಲ್ಲಾ ಡೇಟಾನೂ ಹೊಸದಕ್ಕೇ ಹೋಗುತ್ತೆ ಸಾರ್, ಮೇಲಿನೋರು ಆಗ್ಲೇ ಡಿಸೈಡ್ ಮಾಡ್ಬಿಟ್ಟಿದಾರೆ. ಆದ್ರೆ ಫೈಲಲ್ಲಿ ಒಂದು ಕಂಪ್ಯಾರಿಸನ್ ಇರ್ಬೇಕಲ್ವಾ? ಕೊನೇ ಪೇಜ್ ಮಾತ್ರ ಸ್ವಲ್ಪ ಚೇಂಜ್ ಮಾಡ್ಕೊಡಿ." ರಾಜೀನಾಮೆ ಬಿಸಾಕಿ ಎದ್ದು ಬಂದೆ ಎಂದು ಬರೆಯಲು ನನಗೂ ಆಸೆ. ಬದಲಾಯಿಸಿಕೊಟ್ಟೆ. ಕೆಳಗೆ ನನ್ನ ಹೆಸರನ್ನೂ ಹಾಕಿದೆ.

ಸಂಜೆ ಮನೆಯಲ್ಲಿ ಕೂಗಾಡಿದೆ. "ಮೊದ್ಲೇ ತೀರ್ಮಾನ ಮಾಡಿ ಆಮೇಲೆ ಕೇಳೋದು ಅಂದ್ರೆ ಏನು? ಮನುಷ್ಯರಿಗೆ ಮರ್ಯಾದೆ ಬೇಡ್ವಾ?" ಹೆಂಡತಿ ಸುಮಿತ್ರಾ ಹುರುಳಿಕಾಯಿ ನಾರು ತೆಗೆಯುತ್ತಾ, ತಲೆ ಎತ್ತದೆ ಹೇಳಿದಳು: "ಇಲ್ಲಿಗೆ ಬರೋ ಮುಂಚೆ, ಜಯನಗರದ ಮನೆ, ಈ ಮನೆ, ಎರಡೂ ನೋಡಿ ಯಾವ್ದು ಒಳ್ಳೇದು ಬರ್ಕೊಡು ಅಂದಿದ್ರಿ. ನಾನು ನೀರು, ಗಾಳಿ, ಬಸ್ಸು ಎಲ್ಲಾ ವಿಚಾರಿಸಿ ಬರ್ದೆ. ಆಗ ಈ ಮನೆ ಬೀಗದ ಕೈ ನಿಮ್ಮ ಜೇಬಲ್ಲೇ ಇತ್ತು."

ಆ ಹಾಳೆ ಎಲ್ಲಿದೆ ಎಂದು ಕೇಳಿದೆ. ಅಲ್ಲಾಡುತ್ತಿದ್ದ ಮಂಚದ ಕಾಲಿಗೆ ನಾನೇ ಮಡಚಿ ಇಟ್ಟಿದ್ದೆನಂತೆ. ಬಗ್ಗಿ ಎಳೆದೆ. ಕೊನೆಯಲ್ಲಿ 'ಜಯನಗರವೇ ಸರಿ' ಎಂದಿತ್ತು. ಅದೊಂದು ಸಾಲು ಬದಲಾಯಿಸಿಬಿಡು ಎಂದು ಆವತ್ತು ನಾನು ಗೋಗರೆದದ್ದು ನೆನಪಾಯಿತು. ಅವಳು ಬದಲಾಯಿಸಿರಲಿಲ್ಲ.