ಬಾಳೆಮೀನಿಗೆ ರಾಗಿಮುದ್ದೆ

ನನ್ನ ಸೋದರಮಾವನನ್ನು ನೀವು ದಯವಿಟ್ಟು ನಂಬಬೇಡಿ. ನಾನಂತೂ ನಂಬಿರಲಿಲ್ಲ. ಮಠಕ್ಕೆ ನಡೆದುಕೊಳ್ಳುವ, ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದ, ಅರವತ್ತು ದಾಟಿದ ಗೊಬ್ಬರದಂಗಡಿ ಯಜಮಾನ ಇದ್ದಕ್ಕಿದ್ದಂತೆ ಗಾಳ ಕೊಂಡು, ದಿನಾ ರಾತ್ರಿ ಉಂಡ ಮೇಲೆ ನರಸೀಪುರದ ಹೊಳೆಗೆ ಬಾಳೆಮೀನು ಹಿಡಿಯಲು ಹೊರಟರೆ ಯಾರು ತಾನೆ ನಂಬುತ್ತಾರೆ? ಹೆಸರು ಕೇಳಿ ಮೋಸಹೋಗಬೇಡಿ. ಬಾಳೆಮೀನೆಂದರೆ ಆಳುದ್ದದ, ಬಾಯಿತುಂಬ ಹಲ್ಲಿರುವ, ಕತ್ತಲಲ್ಲಿ ಬೇರೆ ಮೀನುಗಳನ್ನು ನುಂಗುವ ದರೋಡೆಕೋರ!

"ಹಿಡ್ದು ಏನ್ ಮಾಡೀರಿ ಮಾವ?"

"ವಾಪಸ್ ಬುಡ್ತೀನಿ ಕಣ್ಲಾ."

ಒಂದು ದಿನ ಅತ್ತೆ ನಂಜನಗೂಡಿನಲ್ಲಿದ್ದ ನನಗೆ ಫೋನು ಮಾಡಿದರು. "ಅವ್ರ ಅಂಗಿ ಮೂಸ್ ನೋಡ್ದೆ ಕಣಪ್ಪ. ಒಂಚೂರೂ ಮೀನಿನ್ ವಾಸ್ನೆ ಇಲ್ಲ." ನಮ್ಮಂಥ ಮನೆಯಲ್ಲಿ ಗಂಡನ ಅಂಗಿ ಮೀನು ನಾರಲಿಲ್ಲವೆಂದು ಹೆಂಡತಿ ಅತ್ತದ್ದು ಇದೇ ಮೊದಲಿರಬೇಕು. ಅತ್ತೆಗೆ ಎದೆಯ ಆಪರೇಷನ್ ಆಗಿ ಮೂರೇ ತಿಂಗಳು. ಮಾವ ಬರುವ ಬೆಳಗಿನ ಜಾವದವರೆಗೂ ಕೂತಿದ್ದು, ಗೇಟಿನ ಸದ್ದಾದೊಡನೆ ಮುಸುಕೆಳೆದು ಮಲಗಿದಂತೆ ನಟಿಸುತ್ತಿದ್ದರಂತೆ. "ಕಾಯ್ಲೆಯವ್ಳು ಅಂತ ನನ್ ಕಂಡ್ರೆ ಬ್ಯಾಸ್ರ ಆಗೋಯ್ತೋ ಏನೋ" ಅಂದರು. ನನ್ನ ಪಿತ್ತ ನೆತ್ತಿಗೇರಿತು.

ಶನಿವಾರ ಬಸ್ಸಿಳಿದವನೇ ಹೊಳೆದಂಡೆಗೆ ಹೋಗಿ, ಅಲ್ಲಿ ಬಲೆ ಹೊಲಿಯುತ್ತಿದ್ದವನೊಬ್ಬನನ್ನು ವಿಚಾರಿಸಿದೆ.

"ನಿಮ್ ಮಾವ ಗಾಳಕ್ಕೆ ರಾಗಿಮುದ್ದೆ ಸಿಕ್ಕುಸ್ತಾರೆ ಸಾ. ಬಾಳೆಮೀನು ಮುದ್ದೆ ತಿಂದದ? ಕಪ್ಪೆ ಹಾಕಿ ಅಂದೆ. ಜೀವ ಚುಚ್ಚುದ್ರೆ ಪಾಪ ಅಂದ್ರು."

ಕಪ್ಪೆ ಚುಚ್ಚಿದರೆ ಪಾಪ, ಹತ್ತು ಕೇಜಿ ಮೀನಿನ ಗಂಟಲು ಚುಚ್ಚಿದರೆ ಪುಣ್ಯವೇ? ಈ ಮನುಷ್ಯ ಮೀನಿಗೆ ಬರುವವನೇ ಅಲ್ಲ ಎಂದು ತೀರ್ಮಾನಿಸಿದೆ.

"ಆಮೇಲೆ ಎಲ್ಲಿಗೆ ಹೋಗ್ತಾರೆ?"

"ಮಂಟಪದ್ ಕಡೀಕೆ ಓಯ್ತಾರೆ. ಅಲ್ಲೇನ್ ಮಾಡ್ತಾರೋ ಶಿವನೇ ಬಲ್ಲ."

ಅಂದು ರಾತ್ರಿ ಚಪ್ಪಲಿ ಕೈಯಲ್ಲಿ ಹಿಡಿದು ಹಿಂಬಾಲಿಸಿದೆ. ಮಂಟಪದಲ್ಲಿ ಕಂಡದ್ದೇನು? ಗಾಳವನ್ನು ಕಂಬಕ್ಕೆ ಒರಗಿಸಿ, ಟವಲು ಹಾಸಿ, ಮಾವ ಒಬ್ಬರೇ ಮಲಗಿದ್ದಾರೆ. ಅದೇನು ಗೊರಕೆ! ಆಚೆ ದಡದ ನಾಯಿಗಳು ಬೊಗಳುತ್ತಿದ್ದವು.

ಅಲುಗಾಡಿಸಿ ಎಬ್ಬಿಸಿದೆ. ಸಿಕ್ಕಿಬಿದ್ದ ಮಾವ ಟವಲು ಕೊಡವುತ್ತ ಹೇಳಿದರು: "ನಿಮ್ಮತ್ತೆ ಚೆನ್ನಾಗ್ ನಿದ್ದೆ ಮಾಡ್ಬೇಕು ಅಂದ್ರು ಡಾಕ್ಟ್ರು. ಈ ಗೊರ್ಕೆಲಿ ಯಾರ್ ಮಲಗಕ್ಕಾಯ್ತದೆ? ಬ್ಯಾರೆ ರೂಮಲ್ಲಿ ಮಲೀಕತೀನಿ ಅಂದ್ರೆ ಬುಡಾಕಿಲ್ಲ. ಅದ್ಕೇ ಮೀನಿನ್ ಸುಳ್ ಹೇಳ್ದೆ. ಈಗ ನಾನ್ ಹೋದಾಗೆಲ್ಲ ಒಳ್ಳೆ ನಿದ್ದೇಲಿರ್ತಾಳೆ, ಪಾಪ."

"ಒಂದ್ ದಿನಾನೂ ಮಲಗಿಲ್ಲ ಮಾವ. ನಿಮಗೋಸ್ಕರ ಕಾಯ್ತಾ ಕೂತಿರ್ತಾರೆ."

ಮಾವ ಗಾಳವನ್ನು ಅಲ್ಲೇ ಬಿಟ್ಟು ಮನೆಯ ಕಡೆ ಓಡುನಡಿಗೆಯಲ್ಲಿ ಹೊರಟರು. ದಾರಿಯುದ್ದಕ್ಕೂ ನನಗೆ ತಲೆಯೆತ್ತಲಾಗಲಿಲ್ಲ.

ಅತ್ತೆ ಎಲ್ಲವನ್ನೂ ಕೇಳಿ, ಸೆರಗಿನಿಂದ ಕಣ್ಣೊರೆಸಿಕೊಂಡರು. "ಮೂವತ್ ವರ್ಷ ಆ ಸದ್ದಲ್ಲೇ ಮಲಗಿವ್ನಿ. ಅದಿಲ್ದೆ ನಂಗೆಲ್ಲಿ ನಿದ್ದೆ ಬಂದದು? ಬನ್ನಿ, ಮಲೀಕಳಿ."

ಗೊರಕೆಗೆ ರಾತ್ರಿಯಿಡೀ ಕಿಟಕಿಯ ಗಾಜು ಅದುರಿತು. ನಾನು ನಡುಮನೆಯಲ್ಲಿ ಕಣ್ಣುಬಿಟ್ಟುಕೊಂಡೇ ಬಿದ್ದಿದ್ದೆ. ಅತ್ತೆ ಮಾತ್ರ ಬಿಸಿಲೇರುವವರೆಗೂ ಮಗ್ಗುಲು ಬದಲಿಸದೆ ಮಲಗಿದ್ದರು.